ಗಾಡಿಗೆ ಪ್ರಾಣಿ ಅಡ್ಡ ಬಂತೇ? ಕೇಸಿಲ್ಲದೆ ಮನೆ ಸೇರುವ ಸೂತ್ರಗಳು

ಹೆದ್ದಾರಿಯಲ್ಲಿ ದನ, ಬಡಾವಣೆಯಲ್ಲಿ ನಾಯಿ, ಕಾಡಂಚಿನಲ್ಲಿ ಜಿಂಕೆ. ಬಡಿಯುವ ಬಂಪರ್ ಒಂದೇ ಆದರೂ ಕಾನೂನಿನ ಕಣ್ಣಿಗೆ ಇವು ಮೂರೂ ಬೇರೆ ಬೇರೆ. ಅಡ್ಡ ಬಂದ ಪ್ರಾಣಿಯ ಮೇಲೆ ನಿಮಗೆ ಹಿಡಿತವಿರಲಿಲ್ಲ, ಸರಿ. ಮುಂದಿನ ಅರ್ಧ ಗಂಟೆಯ ಮೇಲೆ ಇದೆ.

1. ನಿಲ್ಲಿಸಿ, ಮೊದಲು ಮನುಷ್ಯರನ್ನು ನೋಡಿ. ಗಾಡಿಯನ್ನು ಪಕ್ಕಕ್ಕೆ ತೆಗೆದು ಹಜಾರ್ಡ್ ಲೈಟ್ ಹಾಕಿ. ನಾಯಿ ತಪ್ಪಿಸಲು ಹೋಗಿ ಹಿಂದಿದ್ದ ಬೈಕಿನವರು ಬಿದ್ದಿದ್ದರೆ ಅದು ಪ್ರಾಣಿಯ ಪ್ರಕರಣವಾಗಿ ಉಳಿಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134ರ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ಜನ ಮುಗಿಬಿದ್ದು ಹೊಡೆಯುವ ಭಯವಿದ್ದರೆ? ಆ ಸಂದರ್ಭಕ್ಕೆ ಚಿಕಿತ್ಸೆ ಕೊಡಿಸುವ ಹೊಣೆಯಿಂದ ಸೆಕ್ಷನ್ನೇ ವಿನಾಯಿತಿ ಕೊಟ್ಟಿದೆ. ಆಗ 112ಕ್ಕೆ ಕರೆ ಮಾಡಿ, ನೇರ ಠಾಣೆಗೆ ಹೋಗಿ. ಮನೆಗೆ ಹೋಗಬೇಡಿ.

2. ಎಂಟು ಹೆಸರು ನೆನಪಿಡಿ. ಕುದುರೆ, ದನ, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ, ಮೇಕೆ. ಅದೇ ಮೋಟಾರು ಕಾಯ್ದೆಯ ಸೆಕ್ಷನ್ 132ರ ಮಟ್ಟಿಗೆ ಪ್ರಾಣಿ ಎಂದರೆ ಇಷ್ಟೇ. ಇವಕ್ಕೆ ಅಪಘಾತವಾದಾಗ ಸಮವಸ್ತ್ರದಲ್ಲಿರುವ ಸಬ್‌ಇನ್‌ಸ್ಪೆಕ್ಟರ್ ಅಥವಾ ಮೇಲಿನ ಅಧಿಕಾರಿ ಹೇಳಿದರೆ ಅಗತ್ಯವಿದ್ದಷ್ಟು ಹೊತ್ತು, 24 ಗಂಟೆ ಮೀರದಂತೆ, ಗಾಡಿ ನಿಲ್ಲಿಸಬೇಕು. ನಷ್ಟವಾದವರು ತಮ್ಮ ಹೆಸರು, ವಿಳಾಸ ಹೇಳಿ ಕೇಳಿದರೆ ನಿಮ್ಮದನ್ನೂ ಗಾಡಿಯ ಮಾಲೀಕರದನ್ನೂ ಕೊಡಲೇಬೇಕು. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: ಮಂದೆ ಬೆದರುತ್ತದೆ ಎಂದು ಕುರಿಗಾಹಿ ಕೈ ಅಡ್ಡ ಹಿಡಿದರೆ, ಅಪಘಾತ ಆಗದಿದ್ದರೂ ನಿಲ್ಲಿಸುವುದು ನಿಮ್ಮ ಕರ್ತವ್ಯ. ಹಾರ್ನ್ ಒತ್ತುವ ಹಕ್ಕಲ್ಲ.

3. ದನದ ಕಿವಿ ನೋಡಿ. ಹಳದಿ ಪ್ಲಾಸ್ಟಿಕ್ ಬಿಲ್ಲೆ ಇದ್ದರೆ ಅದರ ಮೇಲಿನ 12 ಅಂಕಿ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಬಿದ್ದದ್ದು ಯಾರ ಹಸು ಎಂಬ ಜಗಳಕ್ಕೆ ಉತ್ತರ ಆ ಅಂಕಿಗಳಲ್ಲಿದೆ. ಅಪಘಾತವಾದ ಕೂಡಲೇ ಪ್ರತಿ ಹಸುವೂ ದಿನಕ್ಕೆ ಇಪ್ಪತ್ತು ಲೀಟರ್ ಕರೆಯುವ ಹಸುವಾಗಿಬಿಡುತ್ತದೆ. ಮಾತಿಗಿಂತ ಫೋಟೊ ವಾಸಿ. ಜೀವ ಇದ್ದರೆ ಪಶುವೈದ್ಯರ ಸಂಚಾರಿ ವಾಹನಕ್ಕೆ 1962 ಒತ್ತಿ. ಕಾಲು ಮುರಿದ ಹಸುವನ್ನು ನಾಲ್ಕು ಜನ ಹಗ್ಗ ಹಾಕಿ ಎಳೆಯುವುದನ್ನು ತಡೆಯಿರಿ, ವೈದ್ಯರು ಬರಲಿ. ನರಳುವುದನ್ನು ನೋಡಲಾಗದೆ ನೀವೇ ಕೊಂದು ಮುಗಿಸುವ ಯೋಚನೆ ಬೇಡ. ಅದರ ತೀರ್ಮಾನಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮ್ಯಾಜಿಸ್ಟ್ರೇಟ್, ಪೊಲೀಸ್, ಪಶುವೈದ್ಯ ಎಂದು ಬೇರೆಯೇ ದಾರಿ ಇಟ್ಟಿದೆ.

4. ರಸ್ತೆ ಮೇಲೆ ರಾಜಿಗೆ ಆತುರ ಪಡಬೇಡಿ. ಹಸು ಕಾನೂನಿನಲ್ಲಿ ಅದರ ಒಡೆಯನ ಆಸ್ತಿ. ನಿಮ್ಮ ಥರ್ಡ್ ಪಾರ್ಟಿ ವಿಮೆ ಮೂರನೆಯವರ ಆಸ್ತಿಯ ಹಾನಿಗೂ ಅನ್ವಯಿಸುತ್ತದೆ. ಒಡೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ವಿಮಾ ಕಂಪನಿಯನ್ನು ಕೇಳದೆ ತಪ್ಪೊಪ್ಪಿಕೊಳ್ಳಬೇಡಿ, ಹಣದ ಮಾತು ಕೊಡಬೇಡಿ ಎಂಬ ಷರತ್ತು ಪಾಲಿಸಿಗಳಲ್ಲಿ ಸಾಮಾನ್ಯ. ಅಲ್ಲೇ ಎಣಿಸಿಕೊಟ್ಟ ನೋಟು ವಾಪಸ್ ಬರುವುದು ಕಷ್ಟ. ಆದರೂ ಒಂದೇ ಹಸುವಿನಲ್ಲಿ ಸಂಸಾರ ನಡೆಸುವ ಮುದುಕಿ ಎದುರಿಗೆ ನಿಂತಾಗ ನೀವು ಕೊಟ್ಟರೆ ನಾನಂತೂ ಆಕ್ಷೇಪಿಸಲಾರೆ. ದಿನಾಂಕ, ಗಾಡಿ ನಂಬರು, ಮೊತ್ತ, ಇಬ್ಬರು ಸಾಕ್ಷಿಗಳ ಸಹಿ ಇರುವ ಚೀಟಿಯೊಂದನ್ನು ಮಾತ್ರ ಬರೆಸಿಕೊಳ್ಳಿ.

5. ನಾಯಿಯ ವಿಚಾರದಲ್ಲಿ ಕಾನೂನು ಬಿಟ್ಟರೂ ನೀವು ಬಿಡಬೇಡಿ. ಮೇಲಿನ ಎಂಟರಲ್ಲಿ ನಾಯಿ ಇಲ್ಲ, ಬೆಕ್ಕೂ ಇಲ್ಲ. ಸಾಕುನಾಯಿಯೊಂದು ಗಾಡಿಗೆ ಸಿಕ್ಕಿ ಸತ್ತ ಪ್ರಕರಣದಲ್ಲಿ, ಭಾರತೀಯ ದಂಡ ಸಂಹಿತೆಯ ಸೆಕ್ಷನ್ 279 ಆಗಲಿ ಮೋಟಾರು ಕಾಯ್ದೆಯ 134 ಆಗಲಿ ಮನುಷ್ಯರಿಗೆ ಮಾತ್ರ ಸಂಬಂಧಿಸಿದ್ದು ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿ ಕೇಸು ರದ್ದು ಮಾಡಿತು. ಹಾಗೆಂದು ಮಲಗಿದ ನಾಯಿಯ ಮೇಲೆ ಬೇಕೆಂದೇ ಹತ್ತಿಸಿದರೆ ಕತೆ ಬೇರೆ: ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325ರಲ್ಲಿ ಐದು ವರ್ಷದವರೆಗೆ ಸಜೆ ಇದೆ. ಗಾಯಗೊಂಡ ನಾಯಿ ಅನ್ನ ಹಾಕಿದವರನ್ನೂ ಕಚ್ಚುತ್ತದೆ. ತಲೆಯ ಮೇಲೆ ಟವೆಲ್ ಹಾಕಿ, ಹಲಗೆಯ ಮೇಲೋ ಬೆಡ್‌ಶೀಟಿನ ಮೇಲೋ ಜಾರಿಸಿ ಆಸ್ಪತ್ರೆಗೆ ಒಯ್ಯಿರಿ. ಹಲ್ಲು ತಾಗಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ರೇಬಿಸ್ ಲಸಿಕೆ.

6. ಕಾಡುಪ್ರಾಣಿಯನ್ನು ಡಿಕ್ಕಿಗೆ ಹಾಕಿದರೆ ಮುಗಿಯಿತು. ಹೇಗೂ ಸತ್ತಿದೆ, ಬಿಟ್ಟರೆ ನರಿ ಪಾಲು ಎಂದು ಮೊಲವನ್ನೋ ಹಂದಿಯನ್ನೋ ಎತ್ತಿಕೊಂಡು ಹೋಗುವ ಚಪಲ ನಮ್ಮ ಮಲೆನಾಡಿನಲ್ಲಿ ಹೊಸದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 39ರ ಪ್ರಕಾರ ಸತ್ತು ಬಿದ್ದ, ತಪ್ಪಿ ಕೊಂದ ವನ್ಯಪ್ರಾಣಿಯೂ ಸರ್ಕಾರದ ಸ್ವತ್ತು. ಕೊಂಬು, ಉಗುರು, ಮುಳ್ಳುಹಂದಿಯ ಮುಳ್ಳನ್ನೂ ಮುಟ್ಟಬೇಡಿ. ಅಪಘಾತವಾಗಿದ್ದದ್ದು ಬೇಟೆಯ ಕೇಸಾಗುವುದು ಇಲ್ಲೇ, ಮತ್ತು ಅಪರಾಧಕ್ಕೆ ಬಳಸಿದ ಗಾಡಿಯನ್ನೂ ಕಳೆದುಕೊಳ್ಳಬೇಕಾದೀತು. ಚಿರತೆಯಂಥ ಮೊದಲ ಪರಿಚ್ಛೇದದ ಪ್ರಾಣಿಯಾದರೆ ಸಜೆ 3ರಿಂದ 7 ವರ್ಷ. ಗಾಯವಷ್ಟೇ ಆಗಿದ್ದರೆ ಗಾಡಿಯೊಳಗೇ ಕೂತು ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ. ಸೆಲ್ಫಿ ಬೇಡ; ನೋವಿನಲ್ಲಿರುವ ಕಾಟಿ ಎದ್ದರೆ ಕಾರು ತಗಡಿನ ಡಬ್ಬಿ.

7. ಗೇಟು ಹಾಕಿದ ಹೊತ್ತಿನಲ್ಲಿ ಒಳದಾರಿ ಹುಡುಕಬೇಡಿ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ 2009ರಲ್ಲಿ ಬಂತು. ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದದ್ದೇ ಅದಕ್ಕೆ ಕಾರಣ.

8. ವಿಮಾ ಕಂಪನಿಗೆ ಅವತ್ತೇ ತಿಳಿಸಿ. ಸ್ವಂತ ಗಾಡಿಯ ರಿಪೇರಿ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಸಿಗದು, ಸಮಗ್ರ ಪಾಲಿಸಿ ಬೇಕು. ಸರ್ವೇಯರ್ ನೋಡುವ ತನಕ ಬಂಪರಿಗೆ ಅಂಟಿದ ಕೂದಲು, ರಕ್ತ ತೊಳೆಯಬೇಡಿ. ಗ್ಯಾರೇಜಿನ ಹುಡುಗ ನೀರಿನ ಪೈಪು ಹಿಡಿದು ಬರುವ ಮೊದಲೇ ಅವನಿಗೆ ಹೇಳಿಡಿ.