ಭೂಗೋಳ ಪಾಠದಲ್ಲಿ ನೆಲವೂ ಜಲವೂ

ಈ ಸ್ಮರಣ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ತಮ್ಮ ಭೂಗೋಳದ ತರಗತಿಯು ಇನ್ನೂ ನೆನಪಿರಬಹುದು. ಗೋಡೆಯ ಮೇಲೆ ತೂಗುಹಾಕಿದ ಭೂಪಟ, ಉಪಾಧ್ಯಾಯಿನಿಯ ಕೈಯಲ್ಲಿ ಉದ್ದವಾದ ಕೋಲು, "ದ್ವೀಪವೆಂದರೇನು? ಪರ್ಯಾಯದ್ವೀಪವೆಂದರೇನು? ಭೂಶಿರವೆಂದರೇನು?" ಎಂಬ ಪ್ರಶ್ನೆಗಳು, ಅವುಗಳಿಗೆ ತರಗತಿಯೆಲ್ಲವೂ ಒಂದೇ ರಾಗದಲ್ಲಿ ಒಪ್ಪಿಸುತ್ತಿದ್ದ ಉತ್ತರಗಳು. ನಾವೂ ಹಾಗೆಯೇ ಕಲಿತವರು. ಬಹುಕಾಲ ಹಾಗೆಯೇ ಕಲಿಸಿದವರು. ಕಂಠಪಾಠವು ನಿರುಪಯೋಗವೆಂದು ನಾವು ಹೇಳುವುದಿಲ್ಲ. ಆದರೆ ಬಾಯಿಪಾಠವಾದುದೆಲ್ಲವೂ ಬುದ್ಧಿಗೆ ಹತ್ತಿದಂತಾಗುವುದಿಲ್ಲ ಎಂಬುದನ್ನು ನಮಗೆ ತೋರಿಸಿಕೊಟ್ಟವಳು ನಮ್ಮ ಶಾಲೆಯ ಒಬ್ಬ ಹುಡುಗಿಯೇ.

ಕೆಲವು ವರುಷಗಳ ಕೆಳಗೆ ಎಂಟನೆಯ ತರಗತಿಯ ಪರೀಕ್ಷೆಯಲ್ಲಿ "ನದೀಮುಖವೆಂದರೇನು?" ಎಂದು ಕೇಳಿದ್ದೆವು. "ನದಿಯು ಸಮುದ್ರವನ್ನು ಸೇರುವ ಸ್ಥಳ" ಎಂಬುದು ನಾವು ಬರೆಯಿಸಿದ್ದ ಉತ್ತರ. ಬೆಂಗ್ರೆಯಿಂದ ದಿನವೂ ದೋಣಿಯಲ್ಲಿ ಹೊಳೆ ದಾಟಿ ಬರುತ್ತಿದ್ದ ಮೀನುಗಾರರ ಮನೆಯ ಹುಡುಗಿಯೊಬ್ಬಳು ಹೀಗೆ ಬರೆದಿದ್ದಳು: "ಅದು ಅಳಿವೆ. ಅಲ್ಲಿ ದಿನಕ್ಕೆ ಎರಡು ಸಾರಿ ಹೊಳೆ ಕಡಲಿಗೆ ಹೋಗುತ್ತದೆ, ಎರಡು ಸಾರಿ ಕಡಲು ಹೊಳೆಗೆ ಬರುತ್ತದೆ." ನಾವು ಅದರ ಮೇಲೆ ಕೆಂಪು ಶಾಯಿಯ ಗೆರೆಯನ್ನೆಳೆದು ಸೊನ್ನೆಯನ್ನು ಕೊಟ್ಟೆವು. "ಅಳಿವೆ" ಎಂಬುದು ಪುಸ್ತಕದ ಮಾತಲ್ಲವೆಂದು ತರಗತಿಯ ಮುಂದೆ ಹೇಳಿಯೂ ಬಿಟ್ಟೆವು. ಹುಡುಗಿಯು ಏನೂ ಮಾತಾಡಲಿಲ್ಲ.

ಅದೇ ತಿಂಗಳಲ್ಲಿ ತರಗತಿಯ ಮಕ್ಕಳನ್ನು ಹೊಳೆಯ ದಡಕ್ಕೆ ಕರೆದುಕೊಂಡು ಹೋಗುವ ಸಂದರ್ಭವು ಬಂತು. ಆಗ ಉಬ್ಬರದ ಸಮಯ. ತೆಂಗಿನ ಸಿಪ್ಪೆಗಳೂ ಕಸಕಡ್ಡಿಗಳೂ ಕಡಲ ಕಡೆಗೆ ಹೋಗದೆ ಮೇಲ್ಗಡೆಗೆ ತೇಲಿಕೊಂಡು ಹೋಗುತ್ತಿದ್ದುದನ್ನು ಮಕ್ಕಳು ಬೆರಳು ಮಾಡಿ ತೋರಿಸಿ, "ಹೊಳೆ ಹಿಂದಕ್ಕೆ ಹರಿಯುತ್ತದಲ್ಲ, ಟೀಚರ್?" ಎಂದು ಕೇಳಿದರು. ಉತ್ತರವನ್ನು ಆ ಹುಡುಗಿಯು ಮೊದಲೇ ಬರೆದುಕೊಟ್ಟಿದ್ದಳು. ನಾವೇ ಅದನ್ನು ಹೊಡೆದುಹಾಕಿದ್ದೆವು. ಮರುದಿನ ತರಗತಿಯ ಮುಂದೆಯೇ ನಮ್ಮ ತಪ್ಪನ್ನು ಒಪ್ಪಿಕೊಂಡು ಆಕೆಯ ಅಂಕಗಳನ್ನು ತಿದ್ದಿದೆವು. ನಮ್ಮ ಭೂಗೋಳ ಪಾಠದ ಕ್ರಮವು ಬದಲಾದುದು ಅಂದಿನಿಂದಲೇ. ಆ ಕ್ರಮವನ್ನು ಪೋಷಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಪಾಠವು ಶಾಲೆಯ ಅಂಗಳದಲ್ಲಿಯೇ ನಡೆಯುತ್ತದೆ. ಎರಡು ಹಲಗೆಗಳ ಮೇಲೆ ಕೆಂಪುಮಣ್ಣಿನ ಎರಡು ಗುಡ್ಡೆಗಳನ್ನು ಮಾಡುತ್ತೇವೆ. ಒಂದನ್ನು ಬೋಳಾಗಿಯೇ ಬಿಟ್ಟು, ಮತ್ತೊಂದರ ಮೇಲೆ ಬೇರುಸಹಿತವಾಗಿ ಕಿತ್ತು ತಂದ ಹುಲ್ಲನ್ನು ಹೊದಿಸುತ್ತೇವೆ. ಬಳಿಕ ಗಿಡಗಳಿಗೆ ನೀರು ಚಿಮುಕಿಸುವ ಪಾತ್ರೆಯಿಂದ ಎರಡರ ಮೇಲೂ ಸಮನಾಗಿ "ಮಳೆ"ಯನ್ನು ಸುರಿಸುತ್ತೇವೆ. ಬೋಳು ಗುಡ್ಡೆಯಲ್ಲಿ ಕ್ಷಣಮಾತ್ರದಲ್ಲಿ ಗೀರುಗಳು ಬೀಳುತ್ತವೆ. ಗೀರುಗಳು ಕೂಡಿ ತೋಡಾಗುತ್ತವೆ. ಬುಡದಲ್ಲಿ ಮಣ್ಣು ಬೀಸಣಿಗೆಯಂತೆ ಹರಡುತ್ತದೆ. ಎರಡೂ ಗುಡ್ಡೆಗಳಿಂದ ಇಳಿದ ನೀರನ್ನು ಗಾಜಿನ ಲೋಟಗಳಲ್ಲಿ ಹಿಡಿದರೆ, ಒಂದರಲ್ಲಿ ಕೆಸರು, ಮತ್ತೊಂದರಲ್ಲಿ ಬಹುಮಟ್ಟಿಗೆ ತಿಳಿನೀರು. ಕಣಿವೆ, ಉಪನದಿ, ಸಂಗಮ, ಸವೆತ, ಮೆಕ್ಕಲು ಎಂಬ ಐದು ಶಬ್ದಗಳನ್ನು ಮಕ್ಕಳು ಅರ್ಧ ತಾಸಿನಲ್ಲಿ ಕಣ್ಣಾರೆ ಕಂಡು ಕಲಿಯುತ್ತಾರೆ.

ಎರಡನೆಯ ಪಾಠವು ಘಟ್ಟದ್ದು. ಕುದುರೆಮುಖದ ಬೆಟ್ಟಸಾಲಿನಲ್ಲಿ ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುತ್ತವೆ. ಮೊದಲಿನವೆರಡು ಮೂಡಣಕ್ಕೆ ಇಳಿದು ಕೂಡಲಿಯಲ್ಲಿ ಒಂದಾಗಿ, ಮುಂದೆ ಕೃಷ್ಣೆಯನ್ನು ಸೇರಿ, ಬಂಗಾಳ ಕೊಲ್ಲಿಯನ್ನು ಮುಟ್ಟುತ್ತವೆ. ನೇತ್ರಾವತಿಯಾದರೋ ಪಡುವಣಕ್ಕೆ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಸುಮಾರು 100 ಕಿಲೋಮೀಟರುಗಳಷ್ಟೇ ಹರಿದು ಅರಬ್ಬಿ ಸಮುದ್ರವನ್ನು ಸೇರುತ್ತದೆ. ಒಂದೇ ಬೆಟ್ಟಸಾಲಿನಲ್ಲಿ ಅಕ್ಕಪಕ್ಕ ಬಿದ್ದ ಎರಡು ಮಳೆಹನಿಗಳು ಎರಡು ಸಮುದ್ರಗಳ ಪಾಲಾಗುವುದನ್ನು ಕೇಳಿದ ಮೇಲೆ, ಜಲವಿಭಾಜಕವೆಂಬ ಕಠಿಣ ಶಬ್ದವನ್ನು ಯಾವ ಹುಡುಗಿಯೂ ಮರೆಯಲಾರಳು.

ಮೂರನೆಯ ಪಾಠದಲ್ಲಿ ಅಳಿವೆಗೆ ಬರುತ್ತೇವೆ. ಗೋದಾವರಿ, ಕೃಷ್ಣೆಗಳ ಬಾಯಲ್ಲಿ ವಿಸ್ತಾರವಾದ ನದೀಮುಖಜ ಭೂಮಿಗಳಿರುವಾಗ ನಮ್ಮ ನೇತ್ರಾವತಿಗೆ ಅಂಥದು ಏಕಿಲ್ಲವೆಂದು ಮಕ್ಕಳನ್ನೇ ಕೇಳುತ್ತೇವೆ. ಗೋದಾವರಿಯು 1,465 ಕಿಲೋಮೀಟರು ಹರಿದು ಬಹು ವಿಶಾಲವಾದ ಪ್ರದೇಶದ ಮಣ್ಣನ್ನು ಹೊತ್ತು ತರುತ್ತದೆ. ನಮ್ಮ ನದಿಗಳೋ ಚಿಕ್ಕವು, ಕಡಿದಾಗಿ ಇಳಿಯುವಂಥವು. ಅವು ತಂದ ಅಷ್ಟಿಷ್ಟು ಮರಳನ್ನೂ ಮಳೆಗಾಲದ ಅಲೆಗಳು ಕರಾವಳಿಯ ಉದ್ದಕ್ಕೂ ಎಳೆದು ಹಾಕುತ್ತವೆ. ಹಾಗೆ ಬೆಳೆದ ನೀಳವಾದ ಮರಳದಿಣ್ಣೆಯೇ ಬೆಂಗ್ರೆ. ಅದರ ಹಿಂದುಗಡೆಯಲ್ಲಿ ಗುರುಪುರ ಹೊಳೆಯು ಕಡಲಿಗೆ ಸಮಾನಾಂತರವಾಗಿ ತೆಂಕಣಕ್ಕೆ ಹರಿದು, ನೇತ್ರಾವತಿಯೊಡನೆ ಒಂದೇ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತದೆ. ಉಬ್ಬರವು ದಿನಕ್ಕೆ ಎರಡು ಸಾರಿ ಬರುವುದಾದರೂ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ; ಚಂದ್ರನ ಗತಿಯೇ ಅದಕ್ಕೆ ಕಾರಣ. ಈ ಲೆಕ್ಕವನ್ನು ಮೀನುಗಾರರ ಮಕ್ಕಳು ನಮಗಿಂತ ಮೊದಲೇ ಬಲ್ಲರು.

ಇಲ್ಲಿ ನಾವು ಕಲಿತ ಮತ್ತೊಂದು ಸಂಗತಿಯುಂಟು. ಪುಸ್ತಕದಲ್ಲಿ ಕಾಣದ ಎಷ್ಟೋ ಭೂಗೋಳವು ನಮ್ಮ ನಾಡಿನ ಮಾತಿನಲ್ಲಿ ಅಡಗಿದೆ. ಹೊಳೆಯ ನಡುವಣ ದ್ವೀಪವು ಕುದ್ರು. ಮಳೆಯನ್ನೇ ನಂಬಿದ ಎತ್ತರದ ಗದ್ದೆಯು ಬೆಟ್ಟು. ಅದಕ್ಕಿಂತ ತಗ್ಗಿನದು ಮಜಲು. ನೀರು ನಿಲ್ಲುವ ಕೆಳಗಿನದು ಬೈಲು. ಮನೆ ಕಟ್ಟುವ ಕೆಂಪುಕಲ್ಲು ಮುರಕಲ್ಲು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದಾಗ ಅವರಿಗೆ ಒದಗಿದುದು ಹೊಳೆಯು ಯುಗಯುಗಗಳಿಂದ ತಂದು ಹಾಸಿದ್ದ ಆವೆಮಣ್ಣೇ. ಹೀಗೆ ನಮ್ಮ ಮಾಡಿನ ಮೇಲಿನ ಹೆಂಚೂ ಭೂಗೋಳದ ಪಾಠವನ್ನೇ ಹೇಳುತ್ತದೆ.

ಸತ್ಯವೇದದ ತರಗತಿಯೊಡನೆಯೂ ಈ ಪಾಠವು ಕೂಡಿಕೊಳ್ಳುತ್ತದೆ. ಯೊರ್ದನ್ ಹೊಳೆಯ ಹೆಸರನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಗಲಿಲಾಯ ಸಮುದ್ರವೆಂಬುದು ವಾಸ್ತವವಾಗಿ ಸಿಹಿನೀರಿನ ಸರೋವರವೆಂದೂ, ಅಲ್ಲಿಂದ ಹೊರಟ ಯೊರ್ದನ್ ಹೊಳೆಯು ಲವಣಸಮುದ್ರದಲ್ಲಿ ಕೊನೆಗೊಳ್ಳುವುದೆಂದೂ ತಿಳಿದಾಗ, ಒಂದು ಸಿಹಿ, ಮತ್ತೊಂದು ಉಪ್ಪು, ಹೀಗೇಕೆ ಎಂದು ಅವರು ಕೇಳುತ್ತಾರೆ. ಗಲಿಲಾಯದಿಂದ ನೀರು ಹೊರಗೆ ಹರಿಯುವುದು. ಲವಣಸಮುದ್ರವು ಕಡಲಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ತಗ್ಗಿನಲ್ಲಿದ್ದು, ಅದರ ನೀರಿಗೆ ಆವಿಯಾಗಿ ಹೋಗುವ ಹೊರತು ಬೇರೆ ದಾರಿಯಿಲ್ಲ; ಉಪ್ಪು ಮಾತ್ರ ಉಳಿಯುತ್ತದೆ. ಹೊಳೆಯ ನೀರನ್ನು ಜನರು ಬೇರೆ ಕಡೆಗೆ ತಿರುಗಿಸಿಕೊಂಡುದರಿಂದ ಈಗ ಅದರ ಮಟ್ಟವು ವರುಷಕ್ಕೆ ಸುಮಾರು ಒಂದು ಮೀಟರಿನಂತೆ ಇಳಿಯುತ್ತಿದೆ.

ಇದೆಲ್ಲವೂ ಪರೀಕ್ಷೆಗಾಗಿ ಮಾತ್ರವೆಂದು ಯಾರೂ ತಿಳಿಯಬಾರದು. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯು ದಡ ಮೀರಿ ಬಂದುದನ್ನು ಬಂಟ್ವಾಳದ ಹಿರಿಯರು ಮರೆತಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದವು. 2024ರ ಜುಲೈ 30ರಂದು ವಯನಾಡಿನಲ್ಲಿ ನಿದ್ರಿಸುತ್ತಿದ್ದ ನೂರಾರು ಜನರು ಮಣ್ಣಿನ ಪಾಲಾದರು. ಮಳೆನೀರು ಮಣ್ಣಿನೊಳಗೆ ಇಂಗಿ ಅದನ್ನು ಭಾರವಾಗಿಸುತ್ತದೆ; ಮಣ್ಣಿಗೂ ಕೆಳಗಿನ ಬಂಡೆಗೂ ಇರುವ ಹಿಡಿತವನ್ನು ಸಡಿಲಿಸುತ್ತದೆ. ಗುಡ್ಡದ ಬುಡವನ್ನು ಕಡಿದು, ತೋಡನ್ನು ಮುಚ್ಚಿದ ಕಡೆಯಲ್ಲಿ ಅಪಾಯವು ಇಮ್ಮಡಿಯಾಗುತ್ತದೆ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರಗಳು, ಹಠಾತ್ತಾಗಿ ಕೆಸರಾದ ಒರತೆ, ಇವುಗಳನ್ನು ಕಂಡರೆ ರಾತ್ರಿಯಾಗಲು ಕಾಯದೆ ಮನೆಯವರೆಲ್ಲರೂ ಸುರಕ್ಷಿತ ಸ್ಥಳಕ್ಕೆ ಹೋಗಬೇಕೆಂದು ಪ್ರತಿಯೊಬ್ಬ ಹುಡುಗಿಗೂ ಹೇಳಿಕೊಡುತ್ತೇವೆ. ಅಂಗಳದ ಆ ಬೋಳು ಗುಡ್ಡೆಯನ್ನು ಕಂಡ ಮಗಳಿಗೆ ಈ ಮಾತು ಬೇಗನೆ ಅರ್ಥವಾಗುತ್ತದೆ. ನಾಳೆ ಮನೆ ಎಲ್ಲಿ ಕಟ್ಟಬೇಕು, ಬಾವಿ ಎಲ್ಲಿ ತೋಡಬೇಕು ಎಂಬ ಮಾತು ಬಂದಾಗ ಆಕೆಯೂ ತಿಳಿದು ನುಡಿಯಬಲ್ಲವಳಾಗಬೇಕೆಂಬುದೇ ನಮ್ಮ ಆಶೆ.

ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ, ನಿಮ್ಮ ಊರಿನ ಗುಡ್ಡ, ತೋಡು, ಕಟ್ಟ, ಕೆರೆ, ಗದ್ದೆಗಳ ಹೆಸರುಗಳನ್ನೂ, ಯಾವ ನೆರೆಯಲ್ಲಿ ನೀರು ಎಲ್ಲಿಯ ತನಕ ಬಂದಿತ್ತು ಎಂಬುದನ್ನೂ ಒಂದು ಕಾಗದದಲ್ಲಿ ಬರೆದು ಶಾಲೆಗೆ ಕಳುಹಿಸಿಕೊಡಿರಿ. ಅವೆಲ್ಲವನ್ನೂ ಒಂದು ದಪ್ಪ ಪುಸ್ತಕದಲ್ಲಿ ಬರೆದಿಡಲು ಪ್ರಾರಂಭಿಸಿದ್ದೇವೆ. ಅದರ ಮೊದಲನೆಯ ಹಾಳೆಯಲ್ಲಿ "ಅಳಿವೆ" ಎಂಬ ಶಬ್ದವಿದೆ. ಅದರ ಕೆಳಗೆ ಆ ಹುಡುಗಿಯ ಉತ್ತರವನ್ನು ಒಂದಕ್ಷರವನ್ನೂ ಬದಲಿಸದೆ ಬರೆದಿದ್ದೇವೆ.