ಕಾಣದ ಅಕ್ಷರ, ಕಳೆದ ಅಕ್ಷರ



ಲಾಂದ್ರದ ಗಾಜಿಗೆ ಮಸಿ ಹಿಡಿದಾಗ ಬೆಳಕು ಮಂಕಾಗುವುದು. ಅಷ್ಟರಿಂದಲೇ ಎಣ್ಣೆ ತೀರಿತೆಂದು ಯಾರೂ ಹೇಳರು. ಗಣಕಯಂತ್ರದ ವಿಷಯದಲ್ಲಿಯೂ ಈ ವಿವೇಕ ಅಗತ್ಯ.

ಶಾಲೆಯ ದಾಖಲಾತಿ, ಗ್ರಂಥಾಲಯದ ಪಟ್ಟಿ ಮೊದಲಾದುವನ್ನು ಇಂದು ಡೇಟಾಬೇಸಿನಲ್ಲಿ ಇಡುವರು. ಅದನ್ನು ನೋಡಿಕೊಳ್ಳಲು ಪಿಎಚ್‌ಪಿ ಮೈಅಡ್ಮಿನ್‌ನಂತಹ ತಂತ್ರಾಂಶಗಳುಂಟು. ಅವುಗಳ ತೆರೆಯ ಮೇಲೆ ‘ಕಮಲ’ ಎಂಬ ಹೆಸರು ಒಮ್ಮೊಮ್ಮೆ ವಿಕಾರವಾಗಿ ತೋರುವುದು. ದೋಷವು ನೋಟದಲ್ಲಿದೆಯೋ ಸಂಗ್ರಹದಲ್ಲಿದೆಯೋ ಎಂಬುದನ್ನರಿಯದೆ ತಿದ್ದಹೊರಟರೆ, ಇದ್ದ ಹೆಸರೂ ಅಳಿದುಹೋದೀತು.

ಯಂತ್ರವು ಬಲ್ಲದ್ದು ಅಂಕೆಗಳನ್ನು ಮಾತ್ರ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಕಕಾರಕ್ಕೆ 224, 178, 149 ಎಂಬ ಮೂರು ಬೈಟುಗಳು. ಹೈದರಾಬಾದಿನ ನಾಮಫಲಕಗಳಲ್ಲಿ ನಾವು ದಿನವೂ ಕಾಣುವ ತೆಲುಗಿನ ಕಕಾರಕ್ಕೆ 224, 176, 149. ಸೋದರ ಲಿಪಿಗಳು ಅಂಕೆಯಲ್ಲಿಯೂ ನೆರೆಯವರೇ!

ಇನ್ನು ವಿಕಾರದ ಮೂರು ಲಕ್ಷಣಗಳನ್ನು ವಿಚಾರಿಸೋಣ.

ಮೊದಲನೆಯದು, ಬರಿಯ ಚೌಕಗಳು. ಅಕ್ಷರ ಕ್ಷೇಮವಾಗಿದೆ, ಆ ಯಂತ್ರದಲ್ಲಿ ಕನ್ನಡದ ಫಾಂಟ್ ಇಲ್ಲ. ಅದನ್ನು ಸೇರಿಸಿದರೆ ಸಾಕು.

ಎರಡನೆಯದು, ಅರ್ಥವಿಲ್ಲದ ಯೂರೋಪಿನ ಅಕ್ಷರಗಳು. ಮೂರು ಬೈಟುಗಳನ್ನು ಕೂಡಿಸಿ ಓದುವ ಬದಲು ಒಂದೊಂದನ್ನೂ ಒಂದೊಂದು ಅಕ್ಷರವೆಂದು ಓದಿದುದರ ಫಲವಿದು. 2018ರಲ್ಲಿ ಮೈಎಸ್‌ಕ್ಯುಎಲ್ಲಿನ 8.0 ಆವೃತ್ತಿ ಬರುವವರೆಗೆ ಅದರ ರೂಢಿಯ ಕ್ರಮ ಲ್ಯಾಟಿನ್-1 ಆಗಿದ್ದಿತು. ಅದರಲ್ಲಿ ಕನ್ನಡಕ್ಕೆ ಎಡೆಯಿಲ್ಲ. ಆದುದರಿಂದಲೇ ಹಳೆಯ ಪಟ್ಟಿಗಳಲ್ಲಿ ಈ ತೊಡಕು ಹೆಚ್ಚು. ಇಲ್ಲಿ ಸಾಮಾನ್ಯವಾಗಿ ಅಕ್ಷರವನ್ನು ಮರಳಿ ಪಡೆಯಬಹುದು. ಪಟ್ಟಿ, ಸಂಪರ್ಕ, ಪುಟ ಈ ಮೂರಕ್ಕೂ ಒಂದೇ ಕ್ರಮವಿರಬೇಕು.

ಮೂರನೆಯದು, ಪ್ರಶ್ನಾರ್ಥಕ ಚಿಹ್ನೆಗಳು. ಇದೇ ಭಯಾನಕವಾದುದು. ‘ಲೆಂಗ್ತ್’ ಎಂಬ ಆಜ್ಞೆಯಿಂದ ಬೈಟುಗಳನ್ನು ಎಣಿಸಿ ನೋಡಿರಿ. ‘ಕಮಲ’ಕ್ಕೆ 9 ಬಂದರೆ ಹೆಸರು ಉಳಿದಿದೆ, ಓದುವ ಸಂಪರ್ಕವನ್ನು ಸರಿಪಡಿಸಿದರಾಯಿತು. 3 ಬಂದರೆ ಪ್ರತಿಯೊಂದು ಅಕ್ಷರದ ಸ್ಥಾನದಲ್ಲಿಯೂ ಪ್ರಶ್ನಾರ್ಥಕದ ಅಂಕೆಯಾದ 63 ಮಾತ್ರ ಕುಳಿತಿದೆ. ಆಗ ಹಳೆಯ ಪ್ರತಿಯಿಂದಲೋ ಕಾಗದದ ದಾಖಲೆಯಿಂದಲೋ ಮತ್ತೆ ಬರೆಯದೆ ಗತ್ಯಂತರವಿಲ್ಲ.

ಹೀಗಿರಲು, ಮೊದಲು ಪ್ರತಿ ತೆಗೆದಿಡಿರಿ, ಬಳಿಕ ಎಣಿಸಿರಿ, ಕೊನೆಯಲ್ಲಿ ತಿದ್ದಿರಿ. ಪಟ್ಟಿಯ ಒಂದೊಂದು ಸಾಲೂ ಒಬ್ಬ ಸಹಪಾಠಿಯ ಹೆಸರೆಂಬುದು ನೆನಪಿರಲಿ.

ಅಭ್ಯಾಸ: ‘ನದಿ’ ಎಂಬ ಪದಕ್ಕೆ ಬೈಟುಗಳೆಷ್ಟು? ಗುಣಿತದ ಚಿಹ್ನೆಗೂ ಮೂರು ಬೈಟುಗಳುಂಟೆಂಬುದನ್ನು ಮರೆಯದಿರಿ.