ಸೈಕಲ್ ಸವಾರರ ಕಿಸೆಯಲ್ಲಿ ಚೀಟಿ ಮತ್ತು ಪೆನ್ಸಿಲು



ಮಣ್ಣು ಪರೀಕ್ಷೆಯ ಸಲುವಾಗಿ ಗದ್ದೆಯ ಮಣ್ಣನ್ನು ಚೀಲಕ್ಕೆ ತುಂಬುವಾಗ ಒಳಗೊಂದು ಚೀಟಿ ಇಡಿರೆಂದು ನಾನು ಯಾವಾಗಲೂ ಹೇಳುತ್ತೇನೆ. ಹೆಸರು, ಊರು, ಸರ್ವೆ ನಂಬರು, ತಾರೀಖು ಇಲ್ಲದಿದ್ದರೆ ಅದು ಯಾರ ಗದ್ದೆಯ ಮಣ್ಣೆಂದು ತಿಳಿಯುವದಿಲ್ಲ. ರಸ್ತೆಯ ಅಪಘಾತಕ್ಕೂ ಇದೇ ಮಾತು. ಈ ಬುದ್ಧಿ ನನಗೆ ಬಿದ್ದ ಮೇಲೆ ಬಂದಿತು.

ಕಳೆದ ಮಳೆಗಾಲದ ಒಂದು ಸಂಜೆ ಅವರ್ಸೆಯ ಕಡೆಯಿಂದ ಅಂಕೋಲೆಗೆ ಸೈಕಲ್ಲಿನ ಮೇಲೆ ಬರುತ್ತಿದ್ದೆ. ಹಿಂದಿನಿಂದ ಬಂದ ಟೆಂಪೋ ಹ್ಯಾಂಡಲಿಗೆ ತಾಗಿ, ನಿಲ್ಲದೆ ಹೋಯಿತು. ನಾನು ಚರಂಡಿಗೆ ಬಿದ್ದೆ. ಎಡಗೈ ಮಣಿಕಟ್ಟು ಮುರಿಯಿತು. ಠಾಣೆಯಲ್ಲಿ ಗಾಡಿಯ ನಂಬರು ಕೇಳಿದರು. "ಬಿಳಿ ಟೆಂಪೋ" ಎಂಬುದರ ಹೊರತು ನನ್ನಲ್ಲಿ ಉತ್ತರವಿರಲಿಲ್ಲ. ನನ್ನನ್ನು ಎತ್ತಿ ಕೂರಿಸಿ ನೀರು ಕೊಟ್ಟವರ ಹೆಸರನ್ನೂ ಕೇಳಿರಲಿಲ್ಲ. ದಿನವೂ ನಿಮ್ಮ ಬೆಳೆಯ ಲೆಕ್ಕ ಬರೆಯುವ ನಾನು ನನ್ನ ಲೆಕ್ಕವನ್ನೇ ಬರೆಯಲಿಲ್ಲ.

ಕಾರವಾರದಿಂದ ಅಂಕೋಲೆಯ ತನಕ ರಾಷ್ಟ್ರೀಯ ಹೆದ್ದಾರಿ 66 ನಮ್ಮ ಊರುಗಳ ನಡುವೆಯೇ ಹಾಯುತ್ತದೆ. ಬಾಳೆಗುಳಿಯಲ್ಲಿ ಹುಬ್ಬಳ್ಳಿಯ ರಸ್ತೆಯೂ ಬಂದು ಕೂಡುತ್ತದೆ. ಗೋವೆ, ಕೇರಳಗಳ ಲಾರಿಗಳು ಗಳಿಗೆಯಲ್ಲಿ ಜಿಲ್ಲೆ ದಾಟಿ ಹೋಗುತ್ತವೆ. ಆದುದರಿಂದ ಸಿದ್ಧತೆ ಮನೆಯಲ್ಲಿಯೇ ಆಗಬೇಕು.

ಹೊರಡುವ ಮೊದಲು ಸಣ್ಣ ವಹಿ ಹಾಗೂ ಪೆನ್ಸಿಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಳ್ಳಿರಿ. ಮಳೆಯಲ್ಲಿ ಮೊಬೈಲು ಕೆಟ್ಟರೂ ಪೆನ್ಸಿಲು ಬರೆಯುತ್ತದೆ. ಮೊದಲ ಪುಟದಲ್ಲಿ ನಿಮ್ಮ ಹೆಸರು, ರಕ್ತದ ಗುಂಪು, ಮನೆಯವರ ಫೋನ್ ನಂಬರು ಇರಲಿ.

ಅಪಘಾತವಾದರೆ ಮೊದಲು ಜೀವ, ಆಮೇಲೆ ಬರಹ. ರಸ್ತೆಯಿಂದ ಬದಿಗೆ ಸರಿದು ಆಂಬುಲೆನ್ಸಿಗೆ 108, ಪೊಲೀಸರಿಗೆ 112 ಕರೆ ಮಾಡಿರಿ. ಬಳಿಕ ಇವನ್ನು ಬರೆದುಕೊಳ್ಳಿರಿ. ಕೈಲಾಗದಿದ್ದರೆ ನೆರೆದವರಿಂದ ಬರೆಯಿಸಿರಿ:

1. ಗಾಡಿಯ ನಂಬರು. ಕೆಎ 30 ಕಾರವಾರದ ನೋಂದಣಿ, ಜಿಎ ಗೋವೆಯದು, ಕೆಎಲ್ ಕೇರಳದ್ದು. ಪೂರ್ತಿ ಸಿಗದಿದ್ದರೆ ಕೊನೆಯ ನಾಲ್ಕು ಅಂಕೆಗಳಾದರೂ ಬೇಕು.
2. ಗಾಡಿಯ ಜಾತಿ, ಬಣ್ಣ, ಅದರ ಮೇಲಿನ ಹೆಸರು, ಹೋದ ದಿಕ್ಕು.
3. ಗಾಡಿ ನಿಂತಿದ್ದರೆ ಚಾಲಕನ ಹೆಸರು, ಲೈಸೆನ್ಸು, ವಿಮಾ ಕಂಪನಿ.
4. ತಾರೀಖು, ವೇಳೆ, ಹತ್ತಿರದ ಕಿಲೋಮೀಟರ್ ಕಲ್ಲು. ಮಳೆ, ಬೆಳಕು, ರಸ್ತೆಯ ಸ್ಥಿತಿ.
5. ಕಂಡವರಲ್ಲಿ ಇಬ್ಬರ ಹೆಸರು ಮತ್ತು ಫೋನು.
6. ಸೈಕಲು ಬಿದ್ದ ಜಾಗದ ಫೋಟೋ, ಇಲ್ಲವೆ ಕೈನಕ್ಷೆ.

ಸೈಕಲನ್ನು ಅವಸರದಿಂದ ರಿಪೇರಿ ಮಾಡಿಸಬೇಡಿರಿ. ಮುರಿದ ಚಕ್ರವೂ ಒಂದು ಸಾಕ್ಷಿ. ಡಾಕ್ಟರರ ಚೀಟಿ, ಔಷಧದ ಬಿಲ್ಲು ಕೂಡಿಸಿಡಿರಿ. ಗಾಯ ಸಣ್ಣದೆನಿಸಿದರೂ ಅದೇ ದಿನ ತೋರಿಸಿರಿ.

ಕಾಯ್ದೆಯೂ ನಿಮ್ಮ ಕಡೆಗಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಗಾಯಾಳುವಿಗೆ ವೈದ್ಯಸಹಾಯ ಒದಗಿಸುವದು ಚಾಲಕನ ಕರ್ತವ್ಯ. 24 ತಾಸಿನೊಳಗೆ ಅವನು ಠಾಣೆಗೆ ತಿಳಿಸಬೇಕು. ಗಾಡಿಗೆ ವಿಮೆ ಕಡ್ಡಾಯ. ಗಾಡಿಯವನ ತಪ್ಪಿದ್ದರೆ ಸೈಕಲ್ ಸವಾರನಿಗೂ ಆ ವಿಮೆಯಿಂದ ಪರಿಹಾರ ಸಲ್ಲುತ್ತದೆ. ಇದರ ಅರ್ಜಿಗೆ ಕಾಯ್ದೆ ಇಟ್ಟ ಅವಧಿ ಆರು ತಿಂಗಳು. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು; ಕೇಳಿ ತೆಗೆದುಕೊಳ್ಳಿರಿ.

ಗಾಡಿ ಓಡಿಹೋಗಿ ಪತ್ತೆಯಾಗದಿದ್ದರೂ ಕೈಚೆಲ್ಲಬೇಡಿರಿ. 2022ರ ಏಪ್ರಿಲ್ 1ರಿಂದ ಇಂಥ ಪ್ರಕರಣದಲ್ಲಿ ಭಾರೀ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರವಿದೆ. ಎಲುಬು ಮುರಿದರೆ ಅದು ಭಾರೀ ಗಾಯವೇ. ಇದಕ್ಕೂ ಪೊಲೀಸ್ ದಾಖಲೆ, ಆಸ್ಪತ್ರೆಯ ಕಾಗದ ಬೇಕು. ಇದು ತಿಳಿದ ಮೇಲೆ ನಾನೂ ಅರ್ಜಿ ಕೊಟ್ಟಿದ್ದೇನೆ.

ದಾರಿಯಲ್ಲಿ ಬಿದ್ದವರನ್ನು ಕಂಡರೆ ಅಂಜಿ ಮುಂದೆ ಹೋಗಬೇಡಿರಿ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ 2019ರ ತಿದ್ದುಪಡಿಯು ರಕ್ಷಣೆ ಕೊಟ್ಟಿದೆ. ಬಿದ್ದವನ ಕೈ ನಡುಗುತ್ತಿರುವಾಗ ನಂಬರು ಬರೆಯುವ ಕೈ ನಿಮ್ಮದಾಗಲಿ.

ಇಂದು ರಾತ್ರಿ ಊಟವಾದ ಮೇಲೆ ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಆ ಮೊದಲ ಪುಟವನ್ನು ಬರೆಯಿಸಿರಿ. ಮಕ್ಕಳ ಸೈಕಲ್ಲಿಗೂ ಅಂಥದೇ ಒಂದು ವಹಿ ಇರಲಿ.